ಸೂಲಗಿತ್ತಿಯನ್ನು ತಾಲೂಕು ಆಸ್ಪತ್ರೆಗೆ ಕರೆತನ್ನಿ

ನಮಸ್ಕಾರ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಕಡೆಯ ಹುಡುಗಿಯರು ಈಗೀಗ ಕೇಳುತ್ತಾರೆ, ಮನೆಯಲ್ಲೇ ಹೆರಿಗೆ ಮಾಡಿಸಿಕೊಳ್ಳಬಹುದಾ, ನಮ್ಮಜ್ಜಿ ಹೆತ್ತಿದ್ದೂ ಮನೆಯಲ್ಲೇ ಅಲ್ವಾ ಅಂತ. ಸುಮ್ನೆ ಬೈದು ಕಳಿಸುವ ಪ್ರಶ್ನೆ ಅಲ್ಲ ಇದು. ಆಸ್ಪತ್ರೆಯಲ್ಲಿ ಹೆರುವವಳ ಅಮ್ಮನನ್ನು ಲೇಬರ್ ರೂಮಿನ ಬಾಗಿಲಲ್ಲೇ ನಿಲ್ಲಿಸುತ್ತಾರೆ, ಹೆರುವವಳನ್ನು ಎದ್ದು ಓಡಾಡಲು ಬಿಡುವುದಿಲ್ಲ, ನೋವಿಗೆ ಕೂಗಿದರೆ ಗದರುತ್ತಾರೆ. ಅಂಥ ಕಡೆ ಒಮ್ಮೆ ಹೆತ್ತವಳು ಮತ್ತೆ ಅಲ್ಲಿಗೆ ಹೋಗಲು ಹೆದರಿದರೆ ತಪ್ಪೇನು?

ಅವಳಿಗೆ ಬೇಕಾದದ್ದು ಪಕ್ಕದಲ್ಲಿ ಕೂರುವ ಒಬ್ಬಳು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಸಾವಿರಾರು ಹೆರಿಗೆ ಮಾಡಿಸಿದ ಕೈ ಅದು. ಒಳ್ಳೆಯ ಸೂಲಗಿತ್ತಿ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋವು ಏರುವುದು, ಇಳಿಯುವುದು ನೋಡುತ್ತಾಳೆ. ಮಗುವಿನ ಎದೆಬಡಿತ ಮತ್ತೆ ಮತ್ತೆ ಕೇಳುತ್ತಾಳೆ. ಬೇಕಾದಂತೆ ಕೂರಲು, ನಡೆಯಲು ಬಿಡುತ್ತಾಳೆ. ಮಗು ಹುಟ್ಟಿದ ತಕ್ಷಣ ಹೊಕ್ಕುಳ ಬಳ್ಳಿ ಕತ್ತರಿಸುವುದಿಲ್ಲ, ಒಂದು ನಿಮಿಷವಾದರೂ ಕಾಯುತ್ತಾಳೆ, ಅಷ್ಟರಲ್ಲಿ ಬಳ್ಳಿಯಲ್ಲಿನ ರಕ್ತ ಮಗುವಿಗೆ ಸೇರುತ್ತದೆ.

ಮನೆಯವರೆಲ್ಲ ಮಗುವಿನ ಮುಖ ನೋಡುತ್ತಿರುವಾಗ ಅವಳ ಕೈ ಮಾತ್ರ ಇನ್ನೂ ಬಾಣಂತಿಯ ಹೊಟ್ಟೆ ಮೇಲೇ ಇರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಹೊಕ್ಕುಳ ಹತ್ತಿರ ತೆಂಗಿನಕಾಯಿಯಂತೆ ಗಟ್ಟಿಯಾಗಿ ಸಿಗಬೇಕು. ಮೆತ್ತಗೆ ಸಿಕ್ಕಿತೆಂದರೆ ಒಳಗಿನ ರಕ್ತನಾಳಗಳ ಬಾಯಿ ಮುಚ್ಚಿಲ್ಲ ಎಂದೇ ಅರ್ಥ, ರಕ್ತಸ್ರಾವ ತಡೆಯದಿದ್ದರೆ ಎರಡು ಗಂಟೆಯೊಳಗೆ ಜೀವವೇ ಹೋಗಬಹುದು. ಆಗ ಹೊಟ್ಟೆಯನ್ನು ಕೈಯಿಂದ ಉಜ್ಜಬೇಕು, ಗರ್ಭಕೋಶ ಬಿಗಿಯಾಗಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡಬೇಕು. ಆ ಇಂಜೆಕ್ಷನ್ ಇಡಬೇಕಾದದ್ದು 2ರಿಂದ 8 ಡಿಗ್ರಿ ತಂಪಿನಲ್ಲಿ. ಆಷಾಢದಲ್ಲಿ ನಮ್ಮ ಹಳ್ಳಿಗಳಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ, ನಿಮಗೇ ಗೊತ್ತು.

ಅದಕ್ಕೇ ನಾನು ನೇರವಾಗಿ ಹೇಳುತ್ತೇನೆ, ನಮ್ಮ ಜಿಲ್ಲೆಯಲ್ಲಿ ಮನೆ ಹೆರಿಗೆ ಬೇಡ. ಇಂಗ್ಲೆಂಡಿನಲ್ಲಿ 2011ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ತೊಂದರೆ ಇಲ್ಲದ ಬಸುರಿಯರು, ತರಬೇತಾದ ಸೂಲಗಿತ್ತಿಯರು, ಕರೆದರೆ ಬರುವ ಆಂಬುಲೆನ್ಸು, ಎಲ್ಲ ಇತ್ತು. ಹಾಗಿದ್ದೂ ಮನೆಯಲ್ಲೇ ಹೆರುತ್ತೇನೆಂದು ಹೊರಟ ಚೊಚ್ಚಲ ಬಸುರಿಯರಲ್ಲಿ ನೂರಕ್ಕೆ 45 ಜನರನ್ನು ನೋವಿನ ಮಧ್ಯೆಯೋ ಹೆರಿಗೆ ಆದ ಮೇಲೋ ಆಸ್ಪತ್ರೆಗೆ ಸಾಗಿಸಬೇಕಾಯಿತು. ಎಲ್ಲರಿಗೂ ಜೀವಕ್ಕೇ ಅಪಾಯ ಇತ್ತು ಅಂತಲ್ಲ, ಎಷ್ಟೋ ಜನರಿಗೆ ಹೆರಿಗೆ ನಿಧಾನವಾಗಿತ್ತು ಅಷ್ಟೇ. ಆದರೆ ಹೋಗಲು ದಾರಿ ಇತ್ತು. ನಮ್ಮಲ್ಲಿ? ಮಳೆಗಾಲದಲ್ಲಿ ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಟ್ಟ ಕುಸಿಯುತ್ತದೆ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನ ಗುಡ್ಡ ಬಿದ್ದಾಗ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ಜೋಯಿಡಾದ ಒಳಗಿನ ಹಳ್ಳಿಗಳ ಮಾತಂತೂ ಬೇಡ. 108ಕ್ಕೆ ಫೋನ್ ಮಾಡಲು ನೆಟ್‌ವರ್ಕೂ ಸಿಗುವುದಿಲ್ಲ.

ಇಷ್ಟಾದ ಮೇಲೂ ಯಾರಾದರೂ ನಿಮಗೆ ಮನೆಗೇ ಬಂದು ಹೆರಿಗೆ ಮಾಡಿಸುತ್ತೇವೆ ಎಂದರೆ ಮುಲಾಜಿಲ್ಲದೆ ಕೇಳಿ. ಎಲ್ಲಿ ಕಲಿತಿರಿ? ಮಗು ಅಳದಿದ್ದರೆ ಮೊದಲ ನಿಮಿಷದಲ್ಲಿ ಏನು ಮಾಡುತ್ತೀರಿ, ಉಸಿರು ಕೊಡುವ ಬ್ಯಾಗು ಮಾಸ್ಕು ಇದೆಯಾ? ಬಸುರಿಯ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡು ನೋಡಿದಿರಾ? ಮೊದಲು ಸಿಸೇರಿಯನ್ ಆದವಳಿಗೆ, ಬಿಪಿ ಇದ್ದವಳಿಗೆ, ಅವಳಿ ಇದ್ದವಳಿಗೆ ಆಗುವುದಿಲ್ಲ ಎಂದು ಹೇಳುವ ಧೈರ್ಯ ಇದೆಯಾ? "ನೀವು ಪಾಸಿಟಿವ್ ಆಗಿರಿ, ಎಲ್ಲ ಸರಿಹೋಗುತ್ತದೆ" ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ.

ಕೇಂದ್ರ ಸರ್ಕಾರ 2018ರಲ್ಲೇ ಸೂಲಗಿತ್ತಿ ಸೇವೆಗೆ ಮಾರ್ಗಸೂಚಿ ತಂದಿದೆ. ನರ್ಸುಗಳಿಗೆ 18 ತಿಂಗಳ ತರಬೇತಿ ಕೊಟ್ಟು, ಸರ್ಕಾರಿ ಆಸ್ಪತ್ರೆಯೊಳಗೇ ಅವರು ನಡೆಸುವ ಹೆರಿಗೆ ವಿಭಾಗ ಮಾಡಬೇಕು ಅಂತ. ನೋವಿನುದ್ದಕ್ಕೂ ಹೀಗೆ ತರಬೇತಾದ ಸೂಲಗಿತ್ತಿಯೇ ಜೊತೆಗಿರುತ್ತಾಳೆ, ಕೈ ಮೀರಿದರೆ ಡಾಕ್ಟರು ಪಕ್ಕದಲ್ಲೇ ಇರುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ನಾವು ವರ್ಷಗಟ್ಟಲೆ ಕೂಗಿದ್ದೇವೆ, ಕೂಗಲೇಬೇಕು. ಮುಂದಿನ ಸಲ ಶಾಸಕರಿಗೆ ಮನವಿ ಕೊಡುವಾಗ ಇದನ್ನೂ ಬರೆಯಿರಿ: ಶಿರಸಿ, ಕುಮಟಾ, ಜೋಯಿಡಾ ಆಸ್ಪತ್ರೆಗಳಿಗೆ ತರಬೇತಾದ ಸೂಲಗಿತ್ತಿಯರು ಬೇಕು, ಹೆರುವವಳ ಜೊತೆ ಅವಳಿಗೆ ಬೇಕಾದ ಒಬ್ಬರು ಒಳಗಿರಲು ಬಿಡಬೇಕು.