ಫಿಲಿಷ್ಟಿಯರು ಎಲ್ಲಿಂದ ಬಂದರು? ಮಡಕೆ ಚೂರು, ಮಗ್ಗದ ಗುಂಡು, ಎಣ್ಣೆ ಗಾಣ

ಕನ್ನಡ ಬೈಬಲ್ ಓದಿದವರಿಗೆ ಫಿಲಿಷ್ಟಿಯರು ಅಂದ ಕೂಡಲೇ ಅವರ ದೈತ್ಯ ಯೋಧ ಗೊಲ್ಯಾತ ನೆನಪಾಗ್ತಾನೆ. ಆ ಕಥೆ ಉಳಿಸಿಟ್ಟವರು ಅವರ ಶತ್ರುಗಳಾದ ಇಸ್ರಾಯೇಲ್ಯರು. ಫಿಲಿಷ್ಟಿಯರೇ ಬರೆದ ಪುಸ್ತಕ ಒಂದೂ ನಮ್ಮ ಕೈಗೆ ಸಿಕ್ಕಿಲ್ಲ. ಅದಕ್ಕೇ ಇವತ್ತು ಕತ್ತಿ-ಗುರಾಣಿ ಪಕ್ಕಕ್ಕಿಟ್ಟು ಅವರ ಅಡುಗೆಮನೆ, ಮಗ್ಗದ ಕೋಣೆ ನೋಡೋಣ.

ಮೊದಲು ಒಂದು ಗೋಡೆ ನೋಡೋಣ. ಈಜಿಪ್ಟಿನ ಲಕ್ಸರ್ ಬಳಿ, ನೈಲ್ ನದಿಯ ಪಶ್ಚಿಮ ದಡದಲ್ಲಿರೋ ಮೆದಿನೆತ್ ಹಬು ದೇವಾಲಯ. 3ನೇ ರಾಮ್ಸೆಸ್ ತನ್ನ ಆಳ್ವಿಕೆಯ 8ನೇ ವರ್ಷ, ಸುಮಾರು ಕ್ರಿ.ಪೂ. 1175ರಲ್ಲಿ, ಸಮುದ್ರದ ಕಡೆಯಿಂದ ಬಂದವರನ್ನ ಸೋಲಿಸಿದೆ ಅಂತ ಇಲ್ಲಿ ಕೆತ್ತಿಸಿದ್ದಾನೆ. ಆ ಪಟ್ಟಿಯಲ್ಲಿ ಒಂದು ಹೆಸರು 'ಪ-ರ-ಸ-ತ'. ಈಜಿಪ್ಟಿನ ಬರಹದಲ್ಲಿ ಸ್ವರ ಇಲ್ಲ, 'ರ'ಗೂ 'ಲ'ಗೂ ಒಂದೇ ಗುರುತು. ಹಾಗಾಗಿ ಅದನ್ನ 'ಪೆಲೆಸೆತ್' ಅಂತ ಓದ್ತಾರೆ, ಅಂದ್ರೆ ನಮ್ಮ ಫಿಲಿಷ್ಟಿಯರು. ಕೆತ್ತನೆಯಲ್ಲಿ ಇವರ ತಲೆ ಮೇಲೆ ಗರಿಯ ಥರ ನೆಟ್ಟಗೆ ನಿಂತ ಟೊಪ್ಪಿಗೆ ಇದೆ. ಕೆತ್ತನೆಯಲ್ಲಿ ಇನ್ನೂ ಒಂದಿದೆ: ಎತ್ತಿನ ಗಾಡಿ, ಗಾಡಿಯೊಳಗೆ ಹೆಂಗಸರು, ಮಕ್ಕಳು. ಲೂಟಿಗೆ ಹೊರಟವರು ಸಂಸಾರ ಕಟ್ಟಿಕೊಂಡು ಹೋಗಲ್ಲ.

ರಾಜನ ಗೋಡೆಬರಹ ಅಂದ್ರೆ ಜಾಹೀರಾತು, ಅದೊಂದನ್ನೇ ನಂಬೋಕಾಗಲ್ಲ. ಮಣ್ಣಿಗಿಳಿಯಬೇಕು. ಇಂದಿನ ಇಸ್ರೇಲ್-ಗಾಜಾ ಸೀಮೆಯಲ್ಲಿ ಫಿಲಿಷ್ಟಿಯರ ಊರುಗಳು ಐದು: ಗಾಜಾ, ಅಷ್ಕೆಲೋನ್, ಅಷ್ಡೋದ್, ಎಕ್ರೋನ್, ಗತ್. ಇಲ್ಲಿ ಕ್ರಿ.ಪೂ. 12ನೇ ಶತಮಾನದ ಪದರದಲ್ಲಿ ಇದ್ದಕ್ಕಿದ್ದಂತೆ ಹೊಸ ಥರದ ಮಡಕೆ ಶುರುವಾಗುತ್ತೆ. ಆಕಾರ, ಚಿತ್ತಾರ ಎರಡೂ ಗ್ರೀಸ್, ಸೈಪ್ರಸ್ ಕಡೆಯವು. ಮೊದಮೊದಲು ಒಂದೇ ಬಣ್ಣ, ಆಮೇಲೆ ಕೆಂಪು-ಕಪ್ಪು ಎರಡೂ. ಸುರುಳಿಗಳು, ಕತ್ತು ಹಿಂದಕ್ಕೆ ತಿರುಗಿಸಿದ ಹಕ್ಕಿ.

ಎಡವೋದು ಇಲ್ಲೇ. ಮಡಕೆ ಬಂತು ಅಂದ ಮಾತ್ರಕ್ಕೆ ಜನ ಬಂದರು ಅಂತಲ್ಲ, ವ್ಯಾಪಾರಿ ತಂದು ಮಾರಿರಬಹುದು. ಅದಕ್ಕೊಂದು ಪರೀಕ್ಷೆ ಇದೆ. ಚೂರಿನಿಂದ ಚಿಟಿಕೆ ಪುಡಿ ಕೊರೆದು ತೆಗೀತಾರೆ, ಅಣು ರಿಯಾಕ್ಟರಿನಲ್ಲಿ ನ್ಯೂಟ್ರಾನ್ ಹಾಯಿಸ್ತಾರೆ, ಯಾವ ಧಾತು ಎಷ್ಟಿದೆ ಅಂತ ಅಳೀತಾರೆ. ಒಂದೊಂದು ಜಾಗದ ಜೇಡಿಗೂ ಅದರದ್ದೇ ಲೆಕ್ಕ. ಈ ಮಡಕೆಗಳ ಮಣ್ಣು ಸ್ಥಳೀಯ ಅಂತ ಗೊತ್ತಾಯ್ತು. ಅಂದ್ರೆ ಮಣ್ಣು ಇಲ್ಲಿಯದು, ತಿಗರಿ ಮೇಲೆ ಓಡಿದ ಕೈಯ ಅಭ್ಯಾಸ ಅಲ್ಲಿಯದು.

ಆದರೂ ಸ್ಥಳೀಯ ಕುಂಬಾರ ನೋಡಿ ಕಲಿತಿರಬಹುದಲ್ಲ? ಅದಕ್ಕೆ ನನಗೆ ಮಡಕೆಗಿಂತ ಮಗ್ಗದ ಸಾಕ್ಷಿ ಗಟ್ಟಿ ಅನ್ಸುತ್ತೆ. ನಿಲುವು ಮಗ್ಗದಲ್ಲಿ ಹಾಸಿನ ನೂಲು ಬಿಗಿಯಾಗಿ ಇಳಿಬೀಳೋಕೆ ತುದಿಗೆ ಭಾರ ಕಟ್ಟಬೇಕು. ಕಾನಾನಿನವರ, ಅಂದ್ರೆ ಮೊದಲಿಂದ ಅಲ್ಲಿದ್ದವರ, ಗುಂಡಿಗೆ ತೂತು ಇರ್ತಿತ್ತು, ನೂಲನ್ನ ಅದರೊಳಗೆ ಪೋಣಿಸಿ ಕಟ್ಟೋದು. ಅಷ್ಕೆಲೋನಿನಲ್ಲಿ ಸಿಕ್ಕ 150ಕ್ಕೂ ಹೆಚ್ಚು ಗುಂಡುಗಳಿಗೆ ತೂತೇ ಇಲ್ಲ. ಉರುಳೆಯಾಕಾರ, ನಡು ಸ್ವಲ್ಪ ಸಣ್ಣ, ನೂಲನ್ನ ಸುತ್ತಿ ಬಿಡೋದು. ಕೆಲವು ಮಗ್ಗದಿಂದ ಬಿದ್ದ ಹಾಗೆ ನೆಲದ ಮೇಲೆ ಸಾಲಾಗಿ ಸಿಕ್ಕವು. ಸೈಪ್ರಸ್, ಗ್ರೀಸ್ ಕಡೆಯೂ ಇಂಥವೇ. ಆವಿಗೆಯಲ್ಲಿ ಸುಡದ ಹಸಿ ಮಣ್ಣು ಇವು. ಅವಸರದಲ್ಲಿ ಅಗೆದರೆ ಬರೀ ಹೆಂಟೆ ಅಂತ ಮಣ್ಣಿನ ಗುಡ್ಡೆಗೆ ಹೋಗ್ತವೆ. ಇಷ್ಟು ಅಗ್ಗದ ವಸ್ತುವನ್ನ ಹಡಗಿನಲ್ಲಿ ತಂದು ಮಾರೋರು ಯಾರು? ನೇಯೋ ಕೈಗಳೇ ಬಂದಿರಬೇಕು.

ಅಡುಗೆಮನೆ ಕಥೆನೂ ಅಷ್ಟೇ. ಕೋಣೆ ನಡುವೆ ಒಲೆಗುಂಡಿ. ಹಂದಿ ಮೂಳೆಗಳ ಪಾಲು ಜಾಸ್ತಿ, ಹಂದಿಯ ತಳಿಯಲ್ಲೂ ಯೂರೋಪಿನ ಡಿಎನ್‌ಎ. ಜೀರಿಗೆ ಮತ್ತು ಗಸಗಸೆ ಗಿಡ, ಅಂದ್ರೆ ಅಫೀಮಿನ ಗಿಡ, ಆ ಸೀಮೆಯಲ್ಲಿ ಇವರ ಕಾಲದಲ್ಲೇ ಮೊದಲು ಕಾಣಿಸ್ಕೊಳ್ಳೋದು.

2019ರಲ್ಲಿ ಮನುಷ್ಯರ ಡಿಎನ್‌ಎ ಫಲಿತಾಂಶ ಬಂತು. ಅಷ್ಕೆಲೋನಿನಿಂದ 108 ಮೂಳೆ-ಹಲ್ಲು ಪರೀಕ್ಷಿಸಿ ದಕ್ಕಿದ್ದು ಬರೀ 10 ಜನರದ್ದು; ಆ ಕರಾವಳಿಯ ಸೆಕೆಗೆ ಡಿಎನ್‌ಎ ಬೇಗ ಹಾಳಾಗುತ್ತೆ. ಮುಖ್ಯ ಸುಳಿವು ಕೊಟ್ಟಿದ್ದು ಮನೆ ನೆಲದಡಿ ಹೂತಿದ್ದ ನಾಲ್ಕು ಹಸುಗೂಸುಗಳು. ಅವುಗಳಲ್ಲಿ ದಕ್ಷಿಣ ಯೂರೋಪಿನ ಅಂಶ ಇತ್ತು. ಸುಮಾರು ಇನ್ನೂರು ವರ್ಷದ ನಂತರದವರಲ್ಲಿ ಅದು ಹೆಚ್ಚುಕಮ್ಮಿ ಮಾಯ. ಸ್ಥಳೀಯರ ಜೊತೆ ಕೊಡು-ಕೊಳ್ಳು ಸಂಬಂಧ ಬೆಳೆದು ರಕ್ತ ಬೆರೆತುಹೋಗಿತ್ತು. ಹೆಸರು, ಊರು ಮಾತ್ರ ಬೇರೆಯಾಗೇ ಉಳಿದವು.

ಈ ಬೆರಕೆ ಎಕ್ರೋನಿನ ಕಲ್ಲಿನಲ್ಲಿ ಚೆನ್ನಾಗಿ ಕಾಣುತ್ತೆ. 1996ರಲ್ಲಿ ಸಿಕ್ಕ ಐದು ಸಾಲಿನ ಶಾಸನ: ಪಾದಿಯ ಮಗ ಆಕೀಷ್ ದೇವಿಗೆ ಗುಡಿ ಕಟ್ಟಿಸಿ, ಆಯುಸ್ಸು ಕೊಡು, ನಾಡನ್ನ ಹರಸು ಅಂತ ಬೇಡ್ತಾನೆ. ಭಾಷೆ ಅಕ್ಕಪಕ್ಕದವರದ್ದೇ, ಲಿಪಿಯೂ ಅವರದ್ದೇ. ಅಪ್ಪ ಪಾದಿ ಅಸ್ಸೀರಿಯಾದ ದಾಖಲೆಯಲ್ಲೂ ಇದ್ದಾನೆ, ಕ್ರಿ.ಪೂ. 701ರಲ್ಲಿ ಅಲ್ಲಿನ ರಾಜ ಸನ್ಹೇರೀಬ ಅವನನ್ನ ಜೆರುಸಲೇಮಿನ ಸೆರೆಯಿಂದ ಬಿಡಿಸಿ ಮತ್ತೆ ಗದ್ದುಗೆಗೆ ಕೂರಿಸಿದ.

ಆ ಕಾಲದ ಎಕ್ರೋನ್ ಅಂದ್ರೆ ಎಣ್ಣೆ ಊರು. ಆಲಿವ್ ಗಾಣಗಳೇ ನೂರಕ್ಕೂ ಹೆಚ್ಚು. ನಡುವೆ ಕಾಯಿ ಅರೆಯೋ ಕಲ್ಲಿನ ತೊಟ್ಟಿ, ಎರಡು ಪಕ್ಕದಲ್ಲಿ ಹಿಂಡೋ ತೊಟ್ಟಿ. ಅರೆದದ್ದನ್ನ ಬುಟ್ಟಿಗಳಲ್ಲಿ ತುಂಬಿ ಒಂದರ ಮೇಲೊಂದು ಪೇರಿಸಬೇಕು. ಉದ್ದನೆ ಮರದ ತೊಲೆಯ ಒಂದು ತುದಿ ಗೋಡೆಗೆ ಸಿಗಿಸಿ, ಇನ್ನೊಂದು ತುದಿಗೆ ತೂತಿನ ಕಲ್ಲುಗಳನ್ನ ನೇತುಹಾಕಿದರೆ ಎಣ್ಣೆ ಇಳಿಯುತ್ತೆ. ವರ್ಷಕ್ಕೆ ಕನಿಷ್ಠ 500 ಟನ್ ತೆಗೆಯುವಷ್ಟು ಗಾಣಗಳಿದ್ದವು ಅಂತ ಅಂದಾಜು. ಕಾಯಿ ಸುಗ್ಗಿ ಕೆಲವೇ ತಿಂಗಳು. ಉಳಿದ ಕಾಲ ಅದೇ ಕಟ್ಟಡದಲ್ಲಿ ಬಟ್ಟೆ ನೇಯ್ತಿದ್ದರು.

ಗತ್ ಅದಕ್ಕೂ ಮೊದಲೇ, ಕ್ರಿ.ಪೂ. 9ನೇ ಶತಮಾನದಲ್ಲಿ, ಅರಾಮ್ (ಇಂದಿನ ಸಿರಿಯಾ ಕಡೆ) ರಾಜ ಹಜಾಯೇಲನಿಗೆ ಬಿದ್ದಿತ್ತು. ಕ್ರಿ.ಪೂ. 604ರಲ್ಲಿ ಬಾಬಿಲೋನಿನ ನೆಬೂಕದ್ನೆಚ್ಚರ ಅಷ್ಕೆಲೋನ್ ಸುಟ್ಟ. ಎಕ್ರೋನ್ ಕೂಡ ಅದೇ ಹೊತ್ತಿಗೆ ಬೂದಿಯಾಯ್ತು. ಸೆರೆಹೋದವರ ಸುಳಿವು ಬಾಬಿಲೋನಿನ ಅರಮನೆಯ ರೇಷನ್ ಪಟ್ಟಿಯಲ್ಲಿದೆ. ಮಣ್ಣಿನ ಹಲಗೆ ಮೇಲೆ ಯಾರಿಗೆ ಎಷ್ಟು ಎಣ್ಣೆ ಅಂತ ಗುಮಾಸ್ತ ಬರೆದಿದ್ದಾನೆ: ಅಷ್ಕೆಲೋನಿನ ರಾಜ ಅಗನ ಮಕ್ಕಳ ಪಾಲೂ ಅದರಲ್ಲಿದೆ.