ದೂರ ನೋಡಿ, ಕಾಲು ಬೇಗ ಎತ್ತಿ

ಕೇಳುಗರೆಲ್ಲರಿಗೂ ನಮಸ್ಕಾರ. ಹೊಸದಾಗಿ ಹೈಬ್ರಿಡ್ ಎಸ್‌ಯುವಿ ಕೊಂಡು, ತಿಂಗಳು ತುಂಬುವ ಮೊದಲೇ ‘ಹೇಳಿದಷ್ಟು ಮೈಲೇಜು ಬರುತ್ತಿಲ್ಲ’ ಎಂದು ಕೊರಗಲು ಆರಂಭಿಸಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೊತ್ತು ಮಾತನಾಡುತ್ತಿದ್ದೇನೆ. ಮೈಸೂರಿನಲ್ಲಿಯೂ ಮಂಡ್ಯದಲ್ಲಿಯೂ ಅಂಥವರ ಸಂಖ್ಯೆ ಈಗ ಕಡಿಮೆಯಿಲ್ಲ ಎಂಬುದು ನನಗೆ ಬರುವ ದೂರವಾಣಿ ಕರೆಗಳಿಂದಲೇ ತಿಳಿಯುತ್ತದೆ.

ಮಂಡ್ಯದ ಕಡೆ ಹೈಬ್ರಿಡ್ ಎಂದರೆ ಇಂದಿಗೂ ಮೊದಲು ನೆನಪಾಗುವುದು ಬಿತ್ತನೆ ಬೀಜ. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಈ ಕಾರಿನಲ್ಲಿಯೂ ಹಾಗೆಯೇ ಎರಡು ತಳಿಗಳು ಕೂಡಿವೆ: ಒಂದು ಪೆಟ್ರೋಲ್ ಎಂಜಿನ್, ಇನ್ನೊಂದು ವಿದ್ಯುತ್ ಮೋಟರು. ತಳಿ ಬದಲಾದರೆ ಬೇಸಾಯದ ಕ್ರಮವೂ ಬದಲಾಗಬೇಕೆಂಬುದನ್ನು ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರು ಕೊಂಡವರಿಗೆ ಮಾತ್ರ ಹೇಳಬೇಕಾಗಿ ಬಂದಿದೆ.

ನಾನು ಹೇಳಲಿರುವುದು ಒಂದೇ ಮಾತು. ದೂರ ನೋಡಿ, ಕಾಲು ಬೇಗ ಎತ್ತಿ. ಮುಂದೆ ಸಿಗ್ನಲ್ ಕೆಂಪಾಗಿರುವುದು, ಹಂಪ್ ಇರುವುದು, ಕಬ್ಬಿನ ಟ್ರ್ಯಾಕ್ಟರು ಅಡ್ಡ ಬರುತ್ತಿರುವುದು ನಿಮ್ಮ ಕಣ್ಣಿಗೆ ಬಿದ್ದ ಕೂಡಲೇ ಆಕ್ಸಿಲರೇಟರಿನಿಂದ ಕಾಲು ಎತ್ತಿ, ಆಮೇಲೆ ಬ್ರೇಕನ್ನು ಮೆಲ್ಲಗೆ, ಬಹಳ ಮೆಲ್ಲಗೆ ಒತ್ತಿ.

ಇದರಿಂದ ಏನಾಗುತ್ತದೆ? ಸಾಮಾನ್ಯ ಕಾರಿನಲ್ಲಿ ಬ್ರೇಕ್ ಒತ್ತಿದಾಗ, ದುಡ್ಡು ಕೊಟ್ಟು ಹಾಕಿಸಿದ ಪೆಟ್ರೋಲಿನಿಂದ ಗಾಡಿಗೆ ಬಂದ ಓಟವೆಲ್ಲ ಬ್ರೇಕಿನ ಡಿಸ್ಕಿನಲ್ಲಿ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್ ಕಾರಿನಲ್ಲಿ ನೀವು ಕಾಲು ತೆಗೆದ ಕ್ಷಣದಿಂದಲೇ ಚಕ್ರಗಳು ಮೋಟರನ್ನು ತಿರುಗಿಸತೊಡಗುತ್ತವೆ, ಮೋಟರು ಡೈನಮೋ ಆಗುತ್ತದೆ. ಹಿಂದೆ ಸೈಕಲ್ಲಿನ ಟೈರಿಗೆ ಉಜ್ಜಿಕೊಂಡು ತಿರುಗುವ ಡೈನಮೋ ಇತ್ತಲ್ಲ, ಅದನ್ನು ಟೈರಿಗೆ ತಾಗಿಸಿದೊಡನೆ ದೀಪ ಹೊತ್ತುತ್ತಿತ್ತು, ಪೆಡಲು ಭಾರವಾಗುತ್ತಿತ್ತು. ಆ ಭಾರವೇ ಇಲ್ಲಿ ಬ್ರೇಕಿನ ಕೆಲಸ ಮಾಡುತ್ತದೆ, ಹುಟ್ಟಿದ ವಿದ್ಯುತ್ತು ಬ್ಯಾಟರಿಗೆ ಹೋಗುತ್ತದೆ. ಆದರೆ ಆ ಡೈನಮೋ ಹಿಡಿಯುವುದಕ್ಕೂ ಒಂದು ಮಿತಿಯಿದೆ. ಮೆಲ್ಲಗೆ ಒತ್ತಿದರೆ ಬಹುಪಾಲನ್ನು ಅದೇ ಹಿಡಿಯುತ್ತದೆ. ಕೊನೆಯ ಗಳಿಗೆಯಲ್ಲಿ ಗಕ್ಕನೆ ತುಳಿದರೆ ಅದರ ಕೈಮೀರಿದ್ದು ಮತ್ತೆ ಡಿಸ್ಕಿನ ಪಾಲು, ಅಂದರೆ ಗಾಳಿಯ ಪಾಲು.

ಆ ಬ್ಯಾಟರಿಯ ಗಾತ್ರವನ್ನೂ ತಿಳಿದಿರಬೇಕು. ಹೈರೈಡರ್, ಗ್ರ್ಯಾಂಡ್ ವಿಟಾರದಂಥ ಗಾಡಿಗಳ ಹೈಬ್ರಿಡ್ ಮಾದರಿಯಲ್ಲಿರುವುದು ಸುಮಾರು 0.76 ಕಿಲೋವ್ಯಾಟ್ ಅವರ್ ಬ್ಯಾಟರಿ; ಸೆಸ್ಕ್ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್. ಅದು ಕನ್ನಂಬಾಡಿ ಕಟ್ಟೆಯಲ್ಲ, ಹಿತ್ತಲಿನ ನೀರಿನ ತೊಟ್ಟಿ. ಈ ತೊಟ್ಟಿಗೆ ಹೊರಗಿನಿಂದ ತಂತಿ ಎಳೆದು ಚಾರ್ಜ್ ಮಾಡುವಂತಿಲ್ಲ. ಅದರೊಳಗಿನ ನೀರು ಎರಡೇ ದಾರಿಯಿಂದ ಬರಬೇಕು: ಎಂಜಿನ್ ಓಡಿ ತುಂಬಿಸುವುದು ಬಾವಿಯಿಂದ ಸೇದಿ ಹಾಕಿದ ನೀರು, ಅದಕ್ಕೆ ಪೆಟ್ರೋಲಿನ ಬೆಲೆ ತೆತ್ತಾಗಿದೆ, ಕಾಲು ಎತ್ತಿದಾಗ ಬರುವುದು ಮಾತ್ರ ಮಳೆಯ ನೀರು. ಎದುರಿನ ಪರದೆಯಲ್ಲಿ, ಗಾಡಿ ಬರಿಯ ಬ್ಯಾಟರಿಯಿಂದ ಓಡುತ್ತಿದೆಯೆನ್ನುವ ‘ಇವಿ’ ಎಂಬ ಹಸಿರು ಅಕ್ಷರ ಕಂಡೊಡನೆ ಪುಕ್ಕಟೆ ಓಡುತ್ತಿದ್ದೇವೆಂದು ಸಂತೋಷಪಟ್ಟು, ಅದು ಆರದಿರಲೆಂದು ಎತ್ತಿನ ಗಾಡಿಯಂತೆ ತೆವಳುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹಿಂದಿನವರಿಗೂ ತೊಂದರೆ, ತೊಟ್ಟಿ ಬರಿದಾದ ಮೇಲೆ ಎಂಜಿನ್ ಎದ್ದು ಅದನ್ನು ತುಂಬಿಸಲೇಬೇಕು. ಹೊರಡುವಾಗ ಹದವಾಗಿ ವೇಗ ಹಿಡಿಯಿರಿ, ಎಂಜಿನ್ ಏಳುವುದಿದ್ದರೆ ಏಳಲಿ. ಉಳಿತಾಯವಿರುವುದು ಕಾಲು ಒತ್ತುವುದರಲ್ಲಿ ಅಲ್ಲ, ಎತ್ತುವುದರಲ್ಲಿ.

ಈ ಮಾತಿಗೆ ಸಾಕ್ಷಿಯಾಗಿ ನನ್ನ ಬಾಮೈದನ ಪ್ರಸಂಗವೊಂದನ್ನು ಹೇಳಬೇಕು. ಮಂಡ್ಯದಲ್ಲಿರುವ ಅವನು ಇಪ್ಪತ್ತು ವರ್ಷ ಡೀಸೆಲ್ ಜೀಪು ಓಡಿಸಿದವನು. ನನ್ನ ಮಾತು ಕೇಳಿ ಹೈಬ್ರಿಡ್ ಕೊಂಡ. ಆರನೆಯ ವಾರಕ್ಕೆ ಫೋನು ಬಂತು: “ಭಾವ, ನೀವು ಹೇಳಿದ್ರಿ ಅಂತ ತಗಂಡೆ. ಇಪ್ಪತ್ತೇಳು ಅಂದ್ರು, ಹದಿನೇಳೂ ಬತ್ತಾ ಇಲ್ಲ. ನಮ್ಮ ಜೀಪೇ ವಾಸಿಯಾಗಿತ್ತು.” ಗಾಡಿಯ ಹೆಸರು ಬೇಡ, ತಪ್ಪು ಗಾಡಿಯದಾಗಿರಲಿಲ್ಲ.

ಮರುದಿನ ಬೆಳಗ್ಗೆ ನಾನು ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗಿ ಅವನ ಪಕ್ಕದಲ್ಲಿ ಕುಳಿತೆ. ಚಾಮುಂಡಿ ಬೆಟ್ಟಕ್ಕೆ ಹೋಗಿ ಬರೋಣ, ನೀನೇ ಓಡಿಸು, ನಾನು ಮಾತನಾಡುವುದಿಲ್ಲ ಎಂದೆ. ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಸೇರಿದ ಮೇಲೆ ವೇಗದ ಮುಳ್ಳು ನೂರರಿಂದ ಕೆಳಗಿಳಿಯಲಿಲ್ಲ. ಮುಂದೆ ಲಾರಿ ಕಂಡರೆ ಅದರ ಬೆನ್ನಿಗೆ ಮೂಗು ತಾಗುವವರೆಗೆ ಹೋಗಿ ಬ್ರೇಕ್ ತುಳಿಯುವನು, ಪಕ್ಕಕ್ಕೆ ಸಿಡಿದು ಮತ್ತೆ ಒತ್ತುವನು. ಮೈಸೂರಿನ ಮೊದಲ ಸಿಗ್ನಲ್ ಅರ್ಧ ಕಿಲೋಮೀಟರ್ ದೂರದಿಂದಲೇ ಕೆಂಪಾಗಿ ಕಾಣುತ್ತಿತ್ತು. ಆ ಕೆಂಪಿನ ಕಡೆಗೂ ಅವನು ಅದೇ ವೇಗದಲ್ಲಿ ನುಗ್ಗಿದ, ನಿಲ್ಲುವುದಕ್ಕಾಗಿ ಓಡುವವನಂತೆ. ಮಾತನಾಡುವುದಿಲ್ಲವೆಂದು ವಚನ ಕೊಟ್ಟಿದ್ದರಿಂದ ನಾನು ಕಿಟಕಿಯ ಹೊರಗೆ ನೋಡಿದೆ. ಪರದೆಯಲ್ಲಿ ಸರಾಸರಿ 16.8 ಇತ್ತು.

ಬೆಟ್ಟ ಹತ್ತುವಾಗ ಎಂಜಿನ್ ಭೋರೆಂದಿತು, ಸರಾಸರಿ ಇನ್ನಷ್ಟು ಇಳಿಯಿತು. ಅದು ಸಹಜ. ದೇವಿಯ ದರ್ಶನವಾಯಿತು. ಇಳಿಯಲು ಹೊರಟು ಮೊದಲ ತಿರುವು ದಾಟಿದೆವೋ ಇಲ್ಲವೋ, ಅವನ ಎಡಗೈ ತಾನೇ ತಾನಾಗಿ ಗೇರಿನ ಹಿಡಿಗೆ ಹೋಗಿ ಅದನ್ನು ನ್ಯೂಟ್ರಲ್ಲಿಗೆ ತಳ್ಳಿತು. ನನ್ನ ಮೌನವ್ರತ ಅಲ್ಲಿಗೆ ಮುಗಿಯಿತು. “ಏನು ಮಾಡಿದೆ?” ಎಂದು ಕೂಗಿದೆ. “ಇಳಿಜಾರಲ್ವ ಭಾವ, ಪೆಟ್ರೋಲು ಉಳೀಲಿ ಅಂತ” ಎಂದ.

ಕೇಳುಗರೇ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು ಯಾವ ಗಾಡಿಯಲ್ಲಿಯೂ ಅಪಾಯ. ಹೈಬ್ರಿಡ್ ಗಾಡಿಯಲ್ಲಿ ಅದು ಅಪಾಯವೂ ಹೌದು, ನಷ್ಟವೂ ಹೌದು. ನ್ಯೂಟ್ರಲ್ಲಿನಲ್ಲಿ ಆ ಡೈನಮೋ ಕೆಲಸ ಮಾಡುವುದಿಲ್ಲ. ಮಳೆ ಸುರಿಯುತ್ತಿರುವಾಗ ತೊಟ್ಟಿಗೆ ಮುಚ್ಚಳ ಹಾಕಿದಂತಾಯಿತು.

ನಂದಿಯ ಕಡೆಗೆ ತಿರುಗುವಲ್ಲಿ ಗಾಡಿ ನಿಲ್ಲಿಸಿ ಅವನಿಗೆ ಲೆಕ್ಕ ಹೇಳಿದೆ. ಬೆಟ್ಟದ ನೆತ್ತಿಗೂ ಊರಿಗೂ ಸುಮಾರು 300 ಮೀಟರ್ ಎತ್ತರದ ಅಂತರ. ನಾವಿಬ್ಬರೂ ಸೇರಿ ಗಾಡಿಯ ತೂಕ ಸುಮಾರು 1,400 ಕಿಲೋ. ಅಷ್ಟು ತೂಕ ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಒಂದು ಯೂನಿಟ್ಟಿಗೂ ತುಸು ಹೆಚ್ಚು. ಎದುರುಗಾಳಿ ಮತ್ತು ಟೈರು ತಮ್ಮ ಪಾಲು ತಿಂದರೂ ನಿನ್ನ ಮುಕ್ಕಾಲು ಯೂನಿಟ್ಟಿನ ತೊಟ್ಟಿಯಲ್ಲಿ ಬರಿದಾಗಿರುವ ಪಾಲು ತುಂಬಲು ಸಾಕು ಎಂದೆ. ಗೇರನ್ನು ‘ಡಿ’ಗೆ ಹಾಕಿಸಿ, ಕಾಲು ಎತ್ತಿಸಿ, ತಿರುವಿಗೆ ಬಹಳ ಮೊದಲೇ ಬ್ರೇಕನ್ನು ಬೆರಳಿನಿಂದೆಂಬಂತೆ ಮುಟ್ಟಿಸುತ್ತ ಕೆಳಗಿಳಿದೆವು. ಪರದೆಯ ಮೇಲೆ ಬ್ಯಾಟರಿಯ ಗೆರೆಗಳು ಒಂದೊಂದಾಗಿ ಮೇಲೇರಿದವು. ದಾರಿ ಇನ್ನೂ ಉಳಿದಿರುವಾಗಲೇ ತುಂಬಿತು. ಆಗ ಎಂಜಿನ್ ಇದ್ದಕ್ಕಿದ್ದಂತೆ ಸದ್ದು ಮಾಡತೊಡಗಿತು. “ನೋಡಿ, ಇಳಿಜಾರಲ್ಲೂ ಪೆಟ್ರೋಲು ಕುಡೀತದೆ!” ಎಂದು ಬಾಮೈದ ಗಾಬರಿಗೊಂಡ. ಅದು ಕುಡಿಯುತ್ತಿರಲಿಲ್ಲ. ಕಟ್ಟೆ 124.80 ಅಡಿ ಮುಟ್ಟಿದ ಮೇಲೆ ಬಂದ ನೀರನ್ನು ಹೊರಗೆ ಬಿಡಲೇಬೇಕಲ್ಲವೇ? ಹಾಗೆ, ಹಿಡಿದಿಡಲು ಜಾಗವಿಲ್ಲದ ಶಕ್ತಿಯಿಂದ ಪೆಟ್ರೋಲಿಲ್ಲದ ಎಂಜಿನ್ನನ್ನು ತಿರುಗಿಸಿ ಗಾಡಿ ತನ್ನನ್ನು ತಾನು ತಡೆದುಕೊಳ್ಳುತ್ತಿತ್ತು. ಗೇರಿನಲ್ಲಿರುವ ‘ಬಿ’ ಎಂಬ ಅಕ್ಷರವೂ ಇಂಥ ಉದ್ದದ ಇಳಿಜಾರಿಗಾಗಿಯೇ ಇರುವುದು. ಊರೊಳಗೆ ಅದನ್ನು ಮುಟ್ಟಬೇಡಿ.

ಬೆಟ್ಟದ ಬುಡದಲ್ಲಿ ಮೀಟರನ್ನು ಸೊನ್ನೆಗೆ ತಂದು, ಅದೇ ದಾರಿಯಲ್ಲಿ ಮಂಡ್ಯಕ್ಕೆ ಹಿಂದಿರುಗಿದೆವು. ವೇಗ ಎಂಬತ್ತು. ಸಿಗ್ನಲ್ ಕಂಡೊಡನೆ ಕಾಲು ಮೇಲೆ, ಹಂಪ್ ಕಂಡೊಡನೆ ಕಾಲು ಮೇಲೆ. ನಾನು ಪಕ್ಕದಲ್ಲಿ ಕುಳಿತು ‘ಎತ್ತು, ಎತ್ತು’ ಎನ್ನುತ್ತಿದ್ದೆ. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ನಾನು ಹೇಳುವ ಮೊದಲೇ ಅವನ ಕಾಲು ಏಳುತ್ತಿತ್ತು. ಮನೆಯ ಮುಂದೆ ನಿಂತಾಗ ಪರದೆಯಲ್ಲಿ 23.6 ಇತ್ತು. ಬೆಟ್ಟದಲ್ಲಿ ತುಂಬಿಕೊಂಡಿದ್ದ ಬ್ಯಾಟರಿಯ ಪಾಲೂ ಅದರಲ್ಲಿ ಸ್ವಲ್ಪ ಇತ್ತೆಂದು ನಾನು ಅವನಿಗೆ ಹೇಳಲಿಲ್ಲ.

ನನಗೆ ಕೊಟ್ಟ ಸಮಯದ ಬಹುಪಾಲನ್ನು ಬಾಮೈದನೇ ನುಂಗಿಹಾಕಿದ್ದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಮೊದಲು, ಆ ಇಪ್ಪತ್ತೇಳು. ಪ್ರಮಾಣಪತ್ರದಲ್ಲಿರುವ 27.97ರಂಥ ಅಂಕಿ ಸುಳ್ಳಲ್ಲ. ಆದರೆ ಅದು ಪರೀಕ್ಷಾಲಯದಲ್ಲಿ ಉರುಳೆಗಳ ಮೇಲೆ ಚಕ್ರ ತಿರುಗಿಸಿ, ಏಸಿ ಹಾಕದೆ, ಗಂಟೆಗೆ 90 ಕಿಲೋಮೀಟರ್ ದಾಟದೆ ಪಡೆದ ಅಂಕಿ. ಅಲ್ಲಿ ಹಂಪ್ ಇಲ್ಲ, ಅಡ್ಡ ಬರುವ ಎಮ್ಮೆಯಿಲ್ಲ. ಅದಲ್ಲದೆ ನಮ್ಮ ಪೆಟ್ರೋಲಿನಲ್ಲಿ ಈಗ ನೂರಕ್ಕೆ 20ರಷ್ಟು ಎಥನಾಲ್ ಬೆರೆತಿದೆ. ಲೀಟರಿಗೆ ಲೀಟರು ಹೋಲಿಸಿದರೆ ಎಥನಾಲಿನಲ್ಲಿ ಶಕ್ತಿ ಮೂರನೇ ಒಂದು ಪಾಲು ಕಡಿಮೆಯಿರುವುದರಿಂದ ಮೈಲೇಜಿನಲ್ಲಿ ನೂರಕ್ಕೆ ಆರೇಳು ಪಾಲು ಅಲ್ಲಿಯೇ ಹೋಗುತ್ತದೆ. ಮಂಡ್ಯದವರು ಇದನ್ನು ಹೆಚ್ಚು ಆಕ್ಷೇಪಿಸಬಾರದು. ಎಥನಾಲ್ ಬರುವುದು ಕಬ್ಬಿನಿಂದಲೂ ತಾನೇ.

ದಶಪಥದ ವೇಗ. ವೇಗ ಎಂಬತ್ತರಿಂದ ನೂರಕ್ಕೆ ಏರಿದರೆ ಎದುರುಗಾಳಿಯ ತಡೆ ಒಂದೂವರೆ ಪಟ್ಟಿಗೂ ಮೀರಿ ಹೆಚ್ಚುತ್ತದೆ. ಎಸ್‌ಯುವಿಯ ಎತ್ತರದ ಎದೆಗೆ ಅದು ಇನ್ನೂ ಭಾರ. ಮಂಡ್ಯದಿಂದ ಮೈಸೂರಿಗೆ ಇರುವ ಸುಮಾರು 45 ಕಿಲೋಮೀಟರಿನಲ್ಲಿ ಇದರಿಂದ ಉಳಿಯುವ ಸಮಯ ಏಳು ನಿಮಿಷ ಕೂಡ ಅಲ್ಲ. ಹೆದ್ದಾರಿಗಿಂತ ಊರೊಳಗೆ ಹೈಬ್ರಿಡ್ ಹೆಚ್ಚು ಮೈಲೇಜು ಕೊಟ್ಟರೆ ಆಶ್ಚರ್ಯಪಡಬೇಡಿ. ಊರೊಳಗೆ ಕಾಲು ಎತ್ತುವ ಅವಕಾಶ ಹೆಚ್ಚು.

ಬೆಳಗ್ಗೆ ತಣ್ಣಗಿರುವ ಎಂಜಿನ್ ತನ್ನನ್ನು ಬಿಸಿಮಾಡಿಕೊಳ್ಳಲು ಪೆಟ್ರೋಲು ಸುಡುತ್ತದೆ. ಆದ್ದರಿಂದ ಹಾಲಿಗೊಮ್ಮೆ, ತರಕಾರಿಗೊಮ್ಮೆ, ಮಗುವನ್ನು ಶಾಲೆಗೆ ಬಿಡಲು ಇನ್ನೊಮ್ಮೆ ಗಾಡಿ ತೆಗೆಯದೆ, ಒಂದೇ ಸುತ್ತಿನಲ್ಲಿ ಎಲ್ಲವನ್ನೂ ಮುಗಿಸಿ. ಟೈರಿನ ಗಾಳಿಯನ್ನು ಎರಡು ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ, ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯ ಪ್ರಕಾರ ಹಾಕಿಸಿ. ಬಿಸಿಲಿನಲ್ಲಿ ನಿಂತ ಗಾಡಿಗೆ ಏಸಿ ಹಾಕುವ ಮೊದಲು ಕಿಟಕಿ ತೆರೆದು ಒಂದು ನಿಮಿಷ ಓಡಿಸಿ, ಆಮೇಲೆ 24ಕ್ಕೋ 25ಕ್ಕೋ ಇಡಿ. ಈ ಗಾಡಿಯ ಏಸಿ ನಡೆಯುವುದು ಬ್ಯಾಟರಿಯಿಂದ, ಆ ಬ್ಯಾಟರಿ ಎಷ್ಟು ಚಿಕ್ಕದೆಂಬುದನ್ನು ಆಗಲೇ ಹೇಳಿದ್ದೇನೆ. ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ತಂಪು ಗಾಳಿ ಹೋಗುವ ಜಾಲರಿಯಿದ್ದರೆ ಅದರ ಮೇಲೆ ಅಕ್ಕಿಯ ಮೂಟೆ ಒರಗಿಸಬೇಡಿ.

ಕೊನೆಯದಾಗಿ, ಪರದೆಯ ಅಂಕಿಯನ್ನು ನೆಚ್ಚಿಕೊಂಡು ನನಗೆ ಫೋನು ಮಾಡಬೇಡಿ. ಬಂಕಿನಲ್ಲಿ ಪೈಪು ತಾನಾಗಿ ನಿಲ್ಲುವವರೆಗೆ ಟ್ಯಾಂಕು ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆ ಮಾಡಿ. ಟ್ಯಾಂಕು ಮುಕ್ಕಾಲು ಖಾಲಿಯಾದ ಮೇಲೆ ಅದೇ ಬಂಕಿಗೆ ಹೋಗಿ ಅದೇ ರೀತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಸಲ ಬರೆದಿಟ್ಟುಕೊಳ್ಳಿ: ಒಂದು ಸಲ ನಿಮ್ಮ ಈಗಿನ ರೀತಿಯಲ್ಲಿ ಓಡಿಸಿ, ಉಳಿದ ಎರಡು ಸಲ ದೂರ ನೋಡಿ, ಕಾಲು ಬೇಗ ಎತ್ತಿ. ನಮಸ್ಕಾರ.