ಹೊಟ್ಟೆ ಚಿಕ್ಕದಾದ ಮೇಲೆ ಜೊತೆಗೆ ಯಾರಿದ್ದಾರೆ?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಆಹಾರ ತಜ್ಞೆ. ಶಿವಮೊಗ್ಗದಲ್ಲಿ ಕೆಲಸ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರಿಗೆ ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಹೇಳಿಕೊಡುತ್ತೇನೆ. ಇವತ್ತು ನಿಮ್ಮ ಹತ್ತಿರ ಒಂದೇ ಒಂದು ಮಾತು ಹೇಳಬೇಕು ಅಂತ ಬಂದಿದ್ದೇನೆ. ಆಪರೇಷನ್ ಆದ ಮೇಲೆ ಒಬ್ಬರೇ ಇರಬೇಡಿ. ನಿಮ್ಮ ಹಾಗೇ ಆಪರೇಷನ್ ಆದ ಇನ್ನೊಬ್ಬರನ್ನು ಹುಡುಕಿಕೊಳ್ಳಿ. ಒಬ್ಬರು ಸಿಕ್ಕರೂ ಸಾಕು.

ಅಡುಗೆಮನೆ ಕಟ್ಟೆಯ ಮೇಲೆ ರೇಡಿಯೋ ಇಟ್ಟುಕೊಂಡು ಕೇಳುತ್ತಿರುವ ಅಕ್ಕಂದಿರೇ, ತೋಟದ ಮನೆಯಲ್ಲಿ ಕೂತು ಕೇಳುತ್ತಿರುವ ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಯಾರಿಗೂ ಈ ಆಪರೇಷನ್ ಆಗಿಲ್ಲದೆ ಇರಬಹುದು. ಆದರೂ ಕೇಳಿ. ನಿಮ್ಮ ನೆಂಟರಲ್ಲಿ ಒಬ್ಬರಿಗೆ ಆಗಿರಬಹುದು. ಅವರು ನಿಮಗೆ ಹೇಳಿರಲಿಕ್ಕಿಲ್ಲ, ಅಷ್ಟೇ.

ಮೊದಲು ಈ ಆಪರೇಷನ್ ಏನು ಅಂತ ತಿಳಿದುಕೊಳ್ಳೋಣ. ನಮ್ಮ ಕಡೆ ಹೆಚ್ಚಾಗಿ ಕೇಳಿಬರುವುದು ಎರಡು ಬಗೆ. ಒಂದು ಸ್ಲೀವ್. ಇದರಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿಯನ್ನೇ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಇನ್ನೊಂದು ಬೈಪಾಸ್. ಇದು ಹಾರ್ಟಿನ ಬೈಪಾಸ್ ಅಲ್ಲ, ಹೊಟ್ಟೆಯ ಬೈಪಾಸ್. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿಗೆ ನೇರವಾಗಿ ಜೋಡಿಸುತ್ತಾರೆ. 30 ಮಿಲಿ ಅಂದರೆ ಎಷ್ಟು? ಕೆಮ್ಮಿನ ಔಷಧದ ಬಾಟಲಿ ಜೊತೆ 10 ಮಿಲಿಯ ಪ್ಲಾಸ್ಟಿಕ್ ಮುಚ್ಚಳ ಕೊಡುತ್ತಾರಲ್ಲ, ಅದರಲ್ಲಿ ಮೂರು ಮುಚ್ಚಳ.

ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನ್ ಇದೆ. ಅದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲಿನ ಭಾಗದಲ್ಲಿ. ಸ್ಲೀವ್‌ನಲ್ಲಿ ಆ ಭಾಗವೇ ಹೋಗಿಬಿಡುತ್ತದೆ. ಹಾಗಾಗಿ ಮೊದಲ ಕೆಲವು ತಿಂಗಳು ಹಸಿವೇ ಇಲ್ಲ ಅನ್ನಿಸುತ್ತದೆ. ತೂಕ ಇಳಿಯುತ್ತದೆ, ಬಳೆ ಸಡಿಲ ಆಗುತ್ತದೆ, ಬೆರಳಿನ ಉಂಗುರ ಪಾತ್ರೆ ತೊಳೆಯುವಾಗ ಜಾರುತ್ತದೆ. ಎಲ್ಲರಿಗೂ ಖುಷಿ. ವರ್ಷ ಕಳೆಯುವ ಹೊತ್ತಿಗೆ ಹಸಿವು ಮೆಲ್ಲಗೆ ವಾಪಸ್ ಬರುತ್ತದೆ. ಆಗ ಡಾಕ್ಟರು ಬೆಂಗಳೂರಿನಲ್ಲಿ, 300 ಕಿಲೋಮೀಟರ್‌ಗಿಂತ ಜಾಸ್ತಿ ದೂರ. ನೀವು ಹೊಸನಗರದಲ್ಲೋ ತೀರ್ಥಹಳ್ಳಿಯಲ್ಲೋ. ಹೊರಗೆ ಮಳೆ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಮಧ್ಯಾಹ್ನ ಮೂರು ಗಂಟೆಗೆ ಹಲಸಿನ ಚಿಪ್ಸ್ ಡಬ್ಬಿ ಎದುರಿಗಿದೆ. ಆ ಹೊತ್ತಿಗೆ ಯಾರ ಹತ್ತಿರ ಮಾತಾಡುತ್ತೀರಿ? ಅದಕ್ಕೇ ಹೇಳುತ್ತಿದ್ದೇನೆ, ಹತ್ತಿರದಲ್ಲಿ ನಿಮ್ಮಂಥವರೇ ಒಬ್ಬರು ಬೇಕು.

ನಮ್ಮ ಮಲೆನಾಡಿನ ಒಂದು ವಿಷಯ ಹೇಳಲೇಬೇಕು. ಬಂದವರಿಗೆ ಊಟ ಹಾಕುವುದರಲ್ಲಿ ನಮ್ಮವರದು ದೊಡ್ಡ ಕೈ. ನನಗೆ ಅದರ ಬಗ್ಗೆ ತುಂಬಾ ಅಭಿಮಾನ ಇದೆ. ಆದರೆ ಆಪರೇಷನ್ ಆದವರಿಗೆ ಅದೇ ದೊಡ್ಡ ಪರೀಕ್ಷೆ. "ದಾಕ್ಷಿಣ್ಯ ಮಾಡ್ಕೋಬೇಡಿ" ಅಂತ ಎಲೆಗೆ ಬಡಿಸುತ್ತಲೇ ಇರುತ್ತಾರೆ. ತೂಕ ಇಳಿದರೆ "ಎಂತ ಆಯ್ತೇ, ಶುಗರ್ ಬಂತಾ?" ಅಂತ ಕೇಳುತ್ತಾರೆ. ನಮ್ಮಲ್ಲಿ ಸಣ್ಣ ಆಗುವುದು ಅಂದರೆ ಕಾಯಿಲೆ ಬಿದ್ದ ಹಾಗೆ. ಅದಕ್ಕೇ ತುಂಬಾ ಜನ ಊರಿಗೆಲ್ಲ ಹರ್ನಿಯಾ ಆಪರೇಷನ್ ಅಂತ ಹೇಳಿಬಿಡುತ್ತಾರೆ. ಒಂದು ಸುಳ್ಳು ಹೇಳಿದ ಮೇಲೆ ಪ್ರತಿ ಊಟದಲ್ಲೂ ಅದನ್ನು ಕಾಯಬೇಕಲ್ಲ. ಅದು ಆಪರೇಷನ್‌ಗಿಂತ ಜಾಸ್ತಿ ಸುಸ್ತು ಮಾಡುತ್ತದೆ.

ಆಪರೇಷನ್ ಆದವರು ಸೇರಿ ಮಾತಾಡುವ ಒಂದು ಗುಂಪು ನಮ್ಮದಿದೆ. ಆ ಗುಂಪಿನ ಒಬ್ಬ ಅಕ್ಕನ ಕಥೆ ಹೇಳುತ್ತೇನೆ. ಅವರೇ ಹೇಳಿ ಅಂದಿದ್ದಾರೆ. ಹೊಸನಗರ ಕಡೆಯವರು. ಅಡಿಕೆ ತೋಟ, ಎರಡು ದನ, ಮನೆ ತುಂಬಾ ಜನ. ಅವರಿಗೆ ಬೈಪಾಸ್ ಆಗಿ ಒಂಬತ್ತು ತಿಂಗಳಾಗಿತ್ತು. ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ತೀರ್ಥಹಳ್ಳಿ ಕಡೆ ಒಂದು ಮದುವೆಗೆ ಹೋದರು. ಪಂಕ್ತಿಯಲ್ಲಿ ಕೂತರು. ಕೋಸಂಬರಿ ಬಂತು, ಪಲ್ಯ ಬಂತು. ಎರಡು ಚಮಚ ಕೋಸಂಬರಿ ಮೆಲ್ಲಗೆ ಅಗಿದು ತಿನ್ನುತ್ತಿದ್ದರು. ಅಷ್ಟರಲ್ಲಿ ಅವರ ದೊಡ್ಡಮ್ಮ ಹೋಳಿಗೆ ತಟ್ಟೆ ಹಿಡಿದುಕೊಂಡು ಎದುರಿಗೆ ಬಂದು ನಿಂತರು. ಎಪ್ಪತ್ತು ದಾಟಿದ ದೊಡ್ಡಮ್ಮ. ಸಣ್ಣವರಿದ್ದಾಗ ಇವರನ್ನು ಎತ್ತಿ ಆಡಿಸಿದವರು.

"ಒಂದು ಹಾಕಿಸ್ಕೊಳ್ಳೇ."

"ಬೇಡ ದೊಡ್ಡಮ್ಮ."

"ಎಂತ ಬೇಡ? ನನ್ನ ಕೈಯಾರೆ ಬಡಿಸ್ತಿದೀನಿ. ಒಂದು ಹೋಳಿಗೆ ತಿಂದ್ರೆ ಎಂತ ಆಗ್ತದೆ?"

ಹಾಕಿಯೇ ಬಿಟ್ಟರು. ಮೇಲೆ ತುಪ್ಪ. ದೊಡ್ಡಮ್ಮ ಅಲ್ಲೇ ನಿಂತು ನೋಡುತ್ತಿದ್ದಾರೆ. ಈ ಅಕ್ಕನಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಮುಕ್ಕಾಲು ಹೋಳಿಗೆ ತಿಂದರು. ಬೇಗ ತಿಂದರು, ಮುಗಿದುಹೋಗಲಿ ಅಂತ.

ಕಾಲು ಗಂಟೆ ಕಳೆದಿರಬೇಕು. ಕೈ ತೊಳೆಯುವ ಜಾಗದಲ್ಲಿ ನಿಂತಿದ್ದರು. ಕುತ್ತಿಗೆ ಹಿಂದೆ ಬೆವರು ಶುರುವಾಯಿತು. ರವಿಕೆ ಒದ್ದೆ. ಎದೆ ಡವಡವ. ಹೊಟ್ಟೆಯಲ್ಲಿ ಹಿಂಡಿದ ಹಾಗೆ ನೋವು. ಕಣ್ಣು ಕತ್ತಲೆ. ಅವರಿಗೆ ಅನ್ನಿಸಿದ್ದು ಒಂದೇ: ಹಾರ್ಟ್ ಅಟ್ಯಾಕ್ ಆಯಿತು, ಇಲ್ಲೇ ಸಾಯುತ್ತೇನೆ, ಮದುವೆ ಮನೆ ಕೆಡುತ್ತದೆ.

ಆಪರೇಷನ್ ಆದ ಆಸ್ಪತ್ರೆಗೆ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಭಾನುವಾರ. ಆಮೇಲೆ ನಮ್ಮ ಗುಂಪಿನ ಒಬ್ಬ ಮೇಷ್ಟ್ರಿಗೆ ಫೋನ್ ಮಾಡಿದರು. ಭದ್ರಾವತಿಯವರು, ರಿಟೈರ್ ಆದವರು. ಅವರಿಗೂ ಬೈಪಾಸ್ ಆಗಿ ನಾಲ್ಕು ವರ್ಷ ಆಗಿತ್ತು. ಮೇಷ್ಟ್ರು ಗಾಬರಿ ಆಗಲಿಲ್ಲ. ಒಂದೊಂದೇ ಕೇಳಿದರು. "ಎಂತ ತಿಂದೆ ತಂಗಿ? ಎಷ್ಟು ಹೊತ್ತಾಯ್ತು? ಎದೆ ಒತ್ತಿದ ಹಾಗೆ ನೋವಿದೆಯಾ? ಎಡಗೈಗೆ ಎಳೀತಿದೆಯಾ? ಉಸಿರು ಕಟ್ಟುತ್ತಿದೆಯಾ?" ಯಾವುದೂ ಇಲ್ಲ. "ಹಾಗಾದ್ರೆ ಇದು ಹೋಳಿಗೆ ಕೆಲಸ. ನನಗೂ ಹೀಗೇ ಆಗಿತ್ತು, ಜಿಲೇಬಿ ತಿಂದು. ಹೋಗಿ ಒಂದು ಕೋಣೇಲಿ ಮಲಗು. ಫೋನ್ ಇಡಬೇಡ. ಅರ್ಧ ಗಂಟೇಲಿ ಕಡಿಮೆ ಆಗದಿದ್ರೆ ಗಾಡಿ ಮಾಡಿಸಿ ಆಸ್ಪತ್ರೆಗೆ ಹೋಗು."

ಇದಕ್ಕೆ ಡಂಪಿಂಗ್ ಅಂತ ಹೆಸರು. ಸಿಹಿ ಆ ಪುಟ್ಟ ಚೀಲದಲ್ಲಿ ನಿಲ್ಲುವುದಿಲ್ಲ, ಸೀದಾ ಸಣ್ಣ ಕರುಳಿಗೆ ಬೀಳುತ್ತದೆ. ಅದನ್ನು ತೆಳು ಮಾಡಲು ಕರುಳು ರಕ್ತದಿಂದ ನೀರು ಎಳೆದುಕೊಳ್ಳುತ್ತದೆ. ಅದಕ್ಕೇ ಬೆವರು, ಎದೆಬಡಿತ, ಹೊಟ್ಟೆನೋವು, ಕೆಲವರಿಗೆ ಭೇದಿ. ತಿಂದ 10ರಿಂದ 30 ನಿಮಿಷದಲ್ಲಿ ಶುರು. ಮಲಗಿದರೆ ಮೆಲ್ಲಗೆ ಇಳಿಯುತ್ತದೆ.

ಮೇಷ್ಟ್ರು 25 ನಿಮಿಷ ಫೋನಿನಲ್ಲೇ ಇದ್ದರು. ತಮ್ಮ ಹಿತ್ತಲಿನ ನಿಂಬೆಗಿಡದ ಕಥೆ ಹೇಳಿದರಂತೆ. ಅಷ್ಟರಲ್ಲಿ ಬೆವರು ಆರಿತು. ಬಾಗಿಲು ತೆಗೆದು ನೋಡಿದರೆ ದೊಡ್ಡಮ್ಮ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಆವತ್ತು ಮೊದಲ ಸಲ ಈ ಅಕ್ಕ ನಿಜ ಹೇಳಿದರು. ದೊಡ್ಡಮ್ಮ ಎಲ್ಲ ಕೇಳಿ, ಒಂದೇ ಪ್ರಶ್ನೆ ಕೇಳಿದರಂತೆ. "ಮತ್ತೆ ನಿಂಗೆ ಎಂತ ಮಾಡಿ ಹಾಕ್ಲೇ?" ಈಗ ಆ ದೊಡ್ಡಮ್ಮನ ಮನೆಗೆ ಹೋದರೆ ಇವರಿಗೆ ಅಂತಲೇ ಒಂದು ಸಣ್ಣ ಬಟ್ಟಲಿನಲ್ಲಿ ಹೆಸರುಬೇಳೆ ಕೋಸಂಬರಿ ಎತ್ತಿಟ್ಟಿರುತ್ತಾರೆ.

ಈ ಕಥೆ ಹೇಳುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ನಾನು ಆ ಅಕ್ಕನಿಗೆ ಡಂಪಿಂಗ್ ಬಗ್ಗೆ ಹೇಳಿದ್ದೆ. ಎರಡು ಸಲ ಹೇಳಿದ್ದೆ. ಬರೆದೂ ಕೊಟ್ಟಿದ್ದೆ. ಆ ಹೊತ್ತಿಗೆ ನನ್ನ ಮಾತು ಅವರ ನೆನಪಿಗೆ ಬರಲಿಲ್ಲ. "ನನಗೂ ಆಗಿತ್ತು" ಅಂದವರ ಮಾತು ಕಿವಿಗೆ ಬಿತ್ತು. ಅದಕ್ಕೇ ಮತ್ತೆ ಹೇಳುತ್ತೇನೆ, ಒಬ್ಬರೇ ಇರಬೇಡಿ.

ಇನ್ನು ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ, ಹೊತ್ತು ಕಡಿಮೆ ಇದೆ.

ಪ್ರೋಟೀನ್ ಮೊದಲು. ದಿನಕ್ಕೆ 60ರಿಂದ 80 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ಲೆಕ್ಕ ಹಾಕಿ. ನಮ್ಮದು ಅಕ್ಕಿ ಊಟ. ರೊಟ್ಟಿ, ಕಡುಬು, ದೋಸೆ, ಗಂಜಿ ಎಲ್ಲವೂ ಅಕ್ಕಿ. ಅದರಿಂದಲೇ ಹೊಟ್ಟೆ ತುಂಬಿಸಿದರೆ ಬೇಳೆಗೆ, ಮೀನಿಗೆ, ಮೊಸರಿಗೆ ಜಾಗ ಇರುವುದಿಲ್ಲ. ಆಪರೇಷನ್ ಆದ ಒಬ್ಬ ತಂಗಿಗೆ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಇಂಗ್ಲಿಷಿನಲ್ಲಿ ಒಂದು ಹಾಳೆ ಕೊಟ್ಟು ಕಳಿಸಿದ್ದರು. ಅದರಲ್ಲಿ ಬ್ರೊಕೊಲಿ, ಅವಕಾಡೊ. ಆಕೆ ಎಲ್ಲಿಂದ ತರಬೇಕು? ನಮ್ಮ ಗುಂಪಿನವರು ಕೂತು ಅದನ್ನು ಹುರುಳಿಕಟ್ಟು, ಮೊಳಕೆ ಹೆಸರುಕಾಳು, ಒಂದೆಲಗದ ತಂಬುಳಿ, ಪನೀರು, ಮುಳ್ಳು ತೆಗೆದ ಮೀನು ಅಂತ ಬದಲಾಯಿಸಿ ಬರೆದುಕೊಟ್ಟರು. ಅಕ್ಕಿರೊಟ್ಟಿ ಒಣಗಿದ್ದರೆ ಸಿಕ್ಕಿಹಾಕಿಕೊಳ್ಳುತ್ತದೆ, ಸಾರಿನಲ್ಲಿ ನೆನೆಸಿ ತಿನ್ನು ಅಂತ ಹೇಳಿದವರೂ ಅವರೇ. ನಾನಲ್ಲ.

ಊಟದ ಜೊತೆ ನೀರು ಕುಡಿಯಬೇಡಿ. ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ. ದಿನಕ್ಕೆ ಒಂದೂವರೆ ಲೀಟರ್ ಆದರೂ ಆಗಬೇಕು. ವಿಟಮಿನ್ ಮಾತ್ರೆ ಜೀವನ ಪೂರ್ತಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಕಾಫಿ ಜೊತೆಯಂತೂ ಬೇಡ. "ಈಗ ಚೆನ್ನಾಗಿದ್ದೇನೆ, ಮಾತ್ರೆ ಯಾಕೆ ಮೇಡಂ" ಅಂತ ಕೇಳುವವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಚೆನ್ನಾಗಿರುವುದೇ ಮಾತ್ರೆಯಿಂದ. ಮೈಕೈ ನೋವು ಅಂತ ಅಂಗಡಿಯಿಂದ ಸಿಕ್ಕಿದ ನೋವಿನ ಮಾತ್ರೆ ತರಬೇಡಿ, ಹೊಟ್ಟೆಯಲ್ಲಿ ಹುಣ್ಣಾಗಬಹುದು. ಕವಳದಲ್ಲಿ ತಂಬಾಕು ಬೇಡ, ಬೀಡಿಯೂ ಬೇಡ. ಹೆಣ್ಣುಮಕ್ಕಳು ಒಂದರಿಂದ ಒಂದೂವರೆ ವರ್ಷ ಬಸುರಿ ಆಗುವುದನ್ನು ಮುಂದಕ್ಕೆ ಹಾಕಿ.

ಮೂರನೇ ತಿಂಗಳಿಂದ ಹಲವರಿಗೆ ಕೂದಲು ಉದುರುತ್ತದೆ. ಬಾಚಣಿಗೆ ತುಂಬಾ ಬರುತ್ತದೆ. ಮಲ್ಲಿಗೆ ಮುಡಿಯಲು ಜಡೆಯೇ ಇಲ್ಲ ಅಂತ ಅತ್ತವರನ್ನು ನೋಡಿದ್ದೇನೆ. ಪ್ರೋಟೀನ್, ಕಬ್ಬಿಣ ಸರಿಯಾಗಿದ್ದರೆ ಅದು ವಾಪಸ್ ಬೆಳೆಯುತ್ತದೆ. ನಾನು ಹೇಳಿದರೆ ನಂಬುವುದಿಲ್ಲ. ಗುಂಪಿನಲ್ಲಿ ಎರಡು ವರ್ಷ ಆದವರು ತಮ್ಮ ಜಡೆ ಮುಂದಕ್ಕೆ ಎಳೆದು ತೋರಿಸುತ್ತಾರೆ. ತಕ್ಷಣ ನಂಬುತ್ತಾರೆ.

ಒಂದು ಎಚ್ಚರ. ತಿಂದದ್ದು, ಕುಡಿದದ್ದು ಒಂದೆರಡು ದಿನ ನಿಲ್ಲದೆ ವಾಂತಿ ಆಗುತ್ತಿದ್ದರೆ, ಮಲ ಕಪ್ಪಾದರೆ, ಜ್ವರದ ಜೊತೆ ಹೊಟ್ಟೆನೋವು ಬಂದರೆ ಗುಂಪಿಗಲ್ಲ, ಸೀದಾ ಆಸ್ಪತ್ರೆಗೆ ಹೋಗಿ. ವಾಂತಿ ಮುಂದುವರಿದರೆ ಬಿ1 ವಿಟಮಿನ್ ಕಡಿಮೆಯಾಗಿ ನರಗಳಿಗೇ ಪೆಟ್ಟು ಬೀಳುತ್ತದೆ.

ಈಗ ಗುಂಪು ಕಟ್ಟುವುದು ಹೇಗೆ? ನಮ್ಮ ಕಡೆ ಅಡಿಕೆ ಸುಲಿಯುವುದನ್ನು ನೋಡಿದ್ದೀರಲ್ಲ. ರಾತ್ರಿ ಹೊತ್ತು ಮೆಟ್ಟುಕತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಾರೆ. ಕೈ ಸುಲಿಯುತ್ತಿರುತ್ತದೆ, ಬಾಯಿ ಮನೆ ಸುದ್ದಿ ಮಾತಾಡುತ್ತಿರುತ್ತದೆ. ಅಲ್ಲಿ ಯಾರೂ ಯಾರಿಗೂ ಉಪದೇಶ ಮಾಡುವುದಿಲ್ಲ. ಏಳುವಾಗ ಮನಸ್ಸು ಹಗುರ ಆಗಿರುತ್ತದೆ. ನಮ್ಮ ಗುಂಪೂ ಹಾಗೇ. ಮೊದಲ ಸಲ ಬಂದದ್ದು ಮೂರೇ ಜನ. ಒಂದು ಜಮಖಾನ ಹಾಸಿಕೊಂಡು ಕೂತೆವು. ಈಗಲೂ ತೂಕದ ಮಷೀನ್ ಒಳಗೆ ತರುವುದಿಲ್ಲ. ಯಾರು ಎಷ್ಟು ಕೆಜಿ ಅಂತ ಕೇಳುವುದಿಲ್ಲ. ಒಳಗೆ ಆಡಿದ ಮಾತು ಹೊರಗೆ ಹೋಗುವುದಿಲ್ಲ. ಔಷಧ ಬದಲಾಯಿಸುವ ಮಾತು ಬಂದರೆ ಡಾಕ್ಟರ ಹತ್ತಿರ ಕಳಿಸುತ್ತೇವೆ. ಎಲ್ಲರೂ ತಾವು ಮನೆಯಲ್ಲಿ ಊಟ ಮಾಡುವ ಬಟ್ಟಲು ತರುತ್ತಾರೆ. ಅರಿಶಿನ ಕುಂಕುಮದ ಬಟ್ಟಲಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅಂಥ ಬಟ್ಟಲುಗಳನ್ನು ಒಟ್ಟಿಗೆ ಸಾಲಾಗಿ ಇಟ್ಟದ್ದನ್ನು ನೋಡಿ, ಮೊದಲ ಸಲ ಬಂದ ಒಬ್ಬರು "ನನ್ನದೊಂದೇ ಅಂದ್ಕೊಂಡಿದ್ದೆ" ಅಂತ ಸುಮ್ಮನೆ ಕೂತುಬಿಟ್ಟರು.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ನಿಮಗೆ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ, ನಮ್ಮ ತಾಲೂಕಿನವರು ಯಾರಾದರೂ ಇದ್ದಾರಾ, ಅವರು ಒಪ್ಪಿದರೆ ನನ್ನ ನಂಬರ್ ಕೊಡಿ ಅಂತ ಹೇಳಿ. ಸಾಗರದಲ್ಲಿ ಇಬ್ಬರು, ಸೊರಬದಲ್ಲಿ ಒಬ್ಬರು ಇದ್ದರೂ ಸಾಕು, ಯಾರದಾದರೂ ಜಗಲಿಯಲ್ಲಿ ಕೂರಬಹುದು. ಮನೆಯವರು ಹೊರಗೆ ಕಾಯಲಿ, ಅಥವಾ ಒಳಗೆ ಬಂದು ಕೇಳಲಿ, ಎರಡೂ ಒಳ್ಳೆಯದೇ.

ಈ ಭಾನುವಾರ ನಮ್ಮಲ್ಲಿಗೆ ಇಬ್ಬರು ಹೊಸಬರು ಬರುತ್ತಿದ್ದಾರೆ. ಹೊಸಬರು ಬಂದರೆ ಬಾಗಿಲ ಹತ್ತಿರ ಹೋಗಿ ಕರೆತಂದು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಈಗ ಹೊಸನಗರದ ಆ ಅಕ್ಕನ ಕೆಲಸ. ಬರುವಾಗ ಬಟ್ಟಲು ತನ್ನಿ ಅಂತ ಅವರಿಬ್ಬರಿಗೂ ಆಗಲೇ ಫೋನ್ ಮಾಡಿ ಹೇಳಿದ್ದಾರಂತೆ.

ನಮಸ್ಕಾರ.